ಬರಲಿರುವ ಪ್ರೊಸೆಸರು: ಕೊಳ್ಳುವುದೋ, ಕಾಯುವುದೋ?

ಚಿಕ್ಕಮಗಳೂರಿನಲ್ಲಾಗಲಿ ಮೂಡಿಗೆರೆಯಲ್ಲಾಗಲಿ ಗಣಕಯಂತ್ರ ಮಾರುವ ಅಂಗಡಿಗೆ ಹೋಗಿ ಬೆಲೆ ವಿಚಾರಿಸಿದವರಿಗೆ, ಬೆಲೆಯ ಜೊತೆಗೆ ಒಂದು ಸಲಹೆಯೂ ಸಿಕ್ಕುವುದುಂಟು. "ಅರ್ಜೆಂಟಿಲ್ದಿದ್ರೆ ಇನ್ನೊಂದಾರು ತಿಂಗ್ಳು ತಡೀರಿ ಗೌಡ್ರೇ, ಹೊಸ ಪ್ರೊಸೆಸರ್ ಬರ್ತದಂತೆ!" ಈ ಮಾತಿನಲ್ಲಿ ಗಮನಿಸಬೇಕಾದದ್ದು ಕೊನೆಯ 'ಅಂತೆ'. ನಮ್ಮ ಹಿರಿಯರು ಅಂತೆಯ ಬೆನ್ನಿಗೆ ಕಂತೆಯನ್ನು ಸುಮ್ಮನೆ ಕಟ್ಟಿದವರಲ್ಲ. ಗಣಕಗಳ ಲೋಕದಲ್ಲಿ ಈ ಅಂತೆಕಂತೆಗೆ ಅರ್ಧ ಶತಮಾನಕ್ಕೂ ಮೀರಿದ ಚರಿತ್ರೆಯಿದೆ. ಅದನ್ನು ನಂಬಿ ಕಾದವರಲ್ಲಿ ಕೆಲವರಿಗೆ ಲಾಭವಾಯಿತು. ಕೆಲವರು ಬಾರದೆ ಹೋದ ಯಂತ್ರಕ್ಕಾಗಿ ಕಾದು ಕುಳಿತರು. ಮನೆಯ ಹಳೆಯ ಯಂತ್ರವನ್ನು ಏನು ಮಾಡುವುದೆಂದು ತಾವು ಯೋಚಿಸುತ್ತಿದ್ದರೆ ಈ ಚರಿತ್ರೆಯನ್ನು ಒಮ್ಮೆ ತಿರುವಿಹಾಕುವುದು ಒಳ್ಳೆಯದು.

ಪ್ರಶ್ನೆಯೇನೂ ಹೊಸದಲ್ಲ, ರೇಡಿಯೋ ಇಟ್ಟುಕೊಂಡ ಮನೆಗಳು ಅದನ್ನು ಮೊದಲೇ ಕಂಡಿವೆ. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿಯ ಕೇಂದ್ರ ಪ್ರಾರಂಭವಾಗಿ ಮಲೆನಾಡಿನ ಕಣಿವೆಗಳಿಗೆ ಕನ್ನಡದ ದನಿ ಹತ್ತಿರವಾದ ಕಾಲವೇ, ವಾಲ್ವಿನ ರೇಡಿಯೋ ಹಿಂದೆ ಸರಿದು ಟ್ರಾನ್ಸಿಸ್ಟರ್ ಮುಂದೆ ಬರುತ್ತಿದ್ದ ಕಾಲ. ವಾಲ್ವಿನ ಪೆಟ್ಟಿಗೆ ದೊಡ್ಡದು, ದನಿ ತುಂಬಿದ್ದು. ಆದರೆ ಅದಕ್ಕೆ ವಿದ್ಯುತ್ತು ಬೇಕು, ಇಲ್ಲವೇ ಹೊರಲಾರದಷ್ಟು ಭಾರದ ಬ್ಯಾಟರಿ ಬೇಕು. ಟ್ರಾನ್ಸಿಸ್ಟರನ್ನಾದರೋ ಕಣದಲ್ಲಿ ಕಾಫಿ ಹರಡುವವನು ಕಟ್ಟೆಯ ಮೇಲೆ ಇಟ್ಟುಕೊಂಡು ಕೇಳಬಹುದು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿದ್ದು 1947ರ ಡಿಸೆಂಬರಿನಲ್ಲಿ. ಜೇಬಿನಲ್ಲಿಡುವ ಮೊದಲ ರೇಡಿಯೋ ಅಲ್ಲಿಯ ಅಂಗಡಿಗೆ ಬಂದದ್ದು 1954ರಲ್ಲಿ. ಅದರೊಳಗೆ ಇದ್ದದ್ದು ನಾಲ್ಕೇ ನಾಲ್ಕು ಟ್ರಾನ್ಸಿಸ್ಟರುಗಳು.

ಈ ನಾಲ್ಕನ್ನು ನೆನಪಿನಲ್ಲಿಡಿ. 1971ರಲ್ಲಿ ಇಂಟೆಲ್ ಎಂಬ ಸಂಸ್ಥೆ 4004 ಎಂಬ ಹೆಸರಿನ ಒಂದು ಚೂರನ್ನು ಮಾರಾಟಕ್ಕೆ ಬಿಟ್ಟಿತು. ಉಗುರಿನ ಅಗಲದೊಳಗೆ ಅಡಗುವ ಆ ಸಿಲಿಕಾನಿನ ತುಣುಕಿನಲ್ಲಿ 2,300 ಟ್ರಾನ್ಸಿಸ್ಟರುಗಳು. ಗಣಕದ ಲೆಕ್ಕವನ್ನೆಲ್ಲ ಮಾಡುವ ಭಾಗಕ್ಕೆ ಪ್ರೊಸೆಸರು ಎನ್ನುತ್ತಾರೆ. ಆ ಭಾಗವೆಲ್ಲ ಒಂದೇ ಚೂರಿನಲ್ಲಿ ಅಡಗಿ ಅಂಗಡಿಗೆ ಬಂದದ್ದು ಆಗ. ಅದರ ಗಡಿಯಾರದ ಮಿಡಿತ ಸೆಕೆಂಡಿಗೆ ಹೆಚ್ಚೆಂದರೆ 740 ಸಾವಿರ. ತಮ್ಮ ರೇಡಿಯೋದ ಮೀಡಿಯಂ ವೇವ್ ಪಟ್ಟಿಯನ್ನು ನೋಡಿ. 740 ಕಿಲೋಹರ್ಟ್ಸ್ ಆ ಪಟ್ಟಿಯೊಳಗೇ ಬರುತ್ತದೆ. 1994ರಲ್ಲಿ ಬಂದ ಪೆಂಟಿಯಂ ಪ್ರೊಸೆಸರುಗಳದು 90, 100 ಮೆಗಾಹರ್ಟ್ಸ್, ಎಂದರೆ ಎಫ್.ಎಂ. ಪಟ್ಟಿಯ ನಡುಮಧ್ಯೆ. 2000ದ ಮಾರ್ಚಿಯಲ್ಲಿ ಎ.ಎಂ.ಡಿ. ಸಂಸ್ಥೆಯೂ, ಎರಡೇ ದಿನ ತಡವಾಗಿ ಇಂಟೆಲ್ಲೂ 1 ಗಿಗಾಹರ್ಟ್ಸ್‌ನ ಪ್ರೊಸೆಸರನ್ನು ಹೊರತಂದಾಗ ಮುಳ್ಳು ನಮ್ಮ ರೇಡಿಯೋದ ಪಟ್ಟಿಯನ್ನೇ ದಾಟಿ ಹೋಯಿತು.

ಹೀಗೆ ಏರುತ್ತ ಹೋಗುವುದೆಂದು ಮೊದಲೇ ಬರೆದವರು ಗಾರ್ಡನ್ ಮೂರ್. 1965ರ ಏಪ್ರಿಲಿನಲ್ಲಿ, ಎಂದರೆ ಇಂಟೆಲ್ ಹುಟ್ಟುವುದಕ್ಕೂ ಮೂರು ವರ್ಷ ಮೊದಲು, ಅವರು ಒಂದು ಪತ್ರಿಕೆಗೆ ನಾಲ್ಕು ಪುಟಗಳ ಲೇಖನ ಬರೆದು, ಒಂದು ಚೂರಿನಲ್ಲಿ ಹಿಡಿಸಬಹುದಾದ ಬಿಡಿಭಾಗಗಳ ಸಂಖ್ಯೆ ವರ್ಷಕ್ಕೆ ಎರಡರಷ್ಟಾಗುತ್ತಿದೆ, ಇನ್ನೂ ಹತ್ತು ವರ್ಷ ಹೀಗೇ ನಡೆದೀತು ಎಂದು ಊಹಿಸಿದರು. 1975ರಲ್ಲಿ ತಾವೇ ಲೆಕ್ಕವನ್ನು ತಿದ್ದಿ, ಇನ್ನು ಮುಂದೆ ಎರಡು ವರ್ಷಕ್ಕೊಮ್ಮೆ ಎಂದರು. ಲೋಕ ಇದಕ್ಕೆ ಮೂರ್ ನಿಯಮವೆಂದು ಹೆಸರಿಟ್ಟಿತು. ಬೇಯಿಸಿದ ಬೀಜ ಮೊಳೆಯುವುದಿಲ್ಲವೆಂಬಂಥ ಪ್ರಕೃತಿಯ ನಿಯಮವೇನೂ ಇದಲ್ಲ; ಒಬ್ಬ ಕುಶಲ ಎಂಜಿನಿಯರು ಹಾಕಿದ ಅಂದಾಜು. ಆದರೆ ತಯಾರಕರು ಅದನ್ನೇ ಗುರಿಯಾಗಿ ಹಿಡಿದರು, ಕೊಳ್ಳುವವರು ಅದನ್ನೇ ಪಂಚಾಂಗವಾಗಿ ನಂಬಿದರು. 'ಕಾದರೆ ಒಳ್ಳೆಯದು ಸಿಕ್ಕುತ್ತದೆ' ಎಂಬ ಭಾವನೆ ಬೇರೂರಿದ್ದು ಇಲ್ಲಿಂದ.

ನಮ್ಮ ದೇಶದಲ್ಲಿ ಆಗ ಕಾಯುವುದು ಇಷ್ಟದ ಮಾತಾಗಿರಲಿಲ್ಲ. ಆಮದಿಗೆ ಪರವಾನಗಿ, ಮೇಲೆ ಸುಂಕ, 1978ರಲ್ಲಿ ಐ.ಬಿ.ಎಂ. ಸಂಸ್ಥೆಯೇ ಭಾರತದಿಂದ ಹೊರಟುಹೋಯಿತು. 1984ರ ನವೆಂಬರಿನ ಹೊಸ ಗಣಕ ನೀತಿ ಬಾಗಿಲನ್ನು ಸ್ವಲ್ಪ ತೆರೆಯಿತು. ಕಾಫಿಸೀಮೆಯ ಮನೆಗಳಿಗಂತೂ ಆ ಕಾಲದಲ್ಲಿ ಗಣಕದ ಅಗತ್ಯವಾದರೂ ಏನಿತ್ತು? 1942ರ ಕಾಯಿದೆಯಂತೆ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸುವುದು, ಬೋರ್ಡು ಕಂತುಕಂತಾಗಿ ಕೊಡುವ ಹಣಕ್ಕೆ ಕಾಯುವುದು; ಲೆಕ್ಕಕ್ಕೆ ರೈಟರ ಪುಸ್ತಕವೇ ಸಾಕು.

1992ರಿಂದ ಆ ವ್ಯವಸ್ಥೆ ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಪೂರ್ತಿ ಮುಗಿಯಿತು. ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರಬೇಕಾಯಿತು. ರೋಬಸ್ಟಕ್ಕೆ ಲಂಡನ್ನಿನ ಧಾರಣೆ, ಅರೇಬಿಕಕ್ಕೆ ನ್ಯೂಯಾರ್ಕಿನ ಧಾರಣೆ. 1994ರ ಜೂನ್-ಜುಲೈನಲ್ಲಿ ಬ್ರೆಜಿಲಿನಲ್ಲಿ ಎರಡು ಸಲ ಹಿಮ ಬಿದ್ದದ್ದೇ ತಡ, ಇಲ್ಲಿ ಚೀಲದ ಬೆಲೆ ಗಗನಕ್ಕೇರಿತು. ದೂರದ ಸುದ್ದಿ ಹಣದ ಸುದ್ದಿಯಾದಾಗ ಸುದ್ದಿ ತರುವ ಯಂತ್ರಕ್ಕೂ ಬೆಲೆ ಬರುತ್ತದೆ. ಇದೇ ಜಿಲ್ಲೆಯ ಕಾಫಿ ಮನೆತನದ ವಿ. ಜಿ. ಸಿದ್ಧಾರ್ಥ ಅವರು 1996ರ ಜುಲೈನಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಮೊದಲ ಕಾಫಿ ಡೇ ಅಂಗಡಿಯಲ್ಲಿ ಕಾಫಿಯ ಜೊತೆಗೆ ಇಂಟರ್ನೆಟ್ಟೂ ಸಿಕ್ಕುತ್ತಿತ್ತು. ಗುಡ್ಡದ ಕಾಫಿಯೂ ಗಣಕವೂ ಒಂದೇ ಮೇಜಿನ ಮೇಲೆ ಕುಳಿತವು.

ಈ ಹೊತ್ತಿಗೆ 'ಹೊಸದನ್ನು ಮೊದಲು ಕೊಂಡವನೇ ಜಾಣ' ಎಂಬ ನಂಬಿಕೆಗೆ ಒಂದು ಪೆಟ್ಟು ಬಿದ್ದಿತ್ತು. 1994ರಲ್ಲಿ ಅಮೆರಿಕದ ಒಬ್ಬ ಗಣಿತದ ಪ್ರಾಧ್ಯಾಪಕರು, ಥಾಮಸ್ ನೈಸ್ಲಿ ಎಂಬವರು, ಹೊಸ ಪೆಂಟಿಯಂ ಕೆಲವು ಭಾಗಾಕಾರಗಳನ್ನು ತಪ್ಪಾಗಿ ಮಾಡುತ್ತದೆಂದು ಕಂಡುಹಿಡಿದರು. ಸಾಮಾನ್ಯ ಮನೆಯಲ್ಲಿ ಅದು ಎಂದಾದರೂ ಎದುರಾಗುವುದು ಅಪರೂಪ. ಆದರೂ ಭಾಗಾಕಾರ ಬಾರದ ಗಣಕವೆಂದರೆ ನಗೆಪಾಟಲಲ್ಲವೇ? ಇಂಟೆಲ್ ಮೊದಲು ಗೊಣಗಿ, ಕೊನೆಗೆ ಕೇಳಿದವರಿಗೆಲ್ಲ ಚೂರನ್ನು ಬದಲಿಸಿಕೊಡಲು ಒಪ್ಪಿ, 47 ಕೋಟಿ 50 ಲಕ್ಷ ಡಾಲರುಗಳನ್ನು ಖರ್ಚಿಗೆ ಹಾಕಿಕೊಂಡಿತು.

ಕಾಫಿ ಬೆಳೆಯುವ ತಮಗೆ ಈ ಸಂಗತಿ ಆಶ್ಚರ್ಯ ತರಬೇಕಾಗಿಲ್ಲ. ಬರಲಿರುವ ತಳಿಗೆ ಕಾಯುವುದು, ಬಂದ ತಳಿಯನ್ನು ನಂಬುವುದು, ಈ ಎರಡರ ಕಷ್ಟವನ್ನೂ ನಮ್ಮ ಗುಡ್ಡಗಳು ನೂರೈವತ್ತು ವರ್ಷಗಳಿಂದ ಉಂಡಿವೆ. 'ಚಿಕ್' ಎಂದು ಕರೆಯುತ್ತಿದ್ದ ಇಲ್ಲಿಯ ಮೊದಲಿನ ತಳಿ ಕಾಂಡಕೊರಕಕ್ಕೂ 1870ರ ಸುಮಾರಿಗೆ ಬಂದ ಎಲೆತುಕ್ಕಿಗೂ ಸಿಕ್ಕಿ ಅಳಿಯಿತು. ಅದರ ಜಾಗಕ್ಕೆ ಬಂದ 'ಕೂರ್ಗ್' ತಳಿಯೂ ತುಕ್ಕಿನೆದುರು ನಿಲ್ಲಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕೆಂಟ್ ಎಂಬ ಪ್ಲಾಂಟರು ತಮ್ಮ ತೋಟದಲ್ಲಿ ತುಕ್ಕು ತಾಳಿದ ಗಿಡವೊಂದನ್ನು ಗುರುತಿಸಿ ಬೀಜ ಮಾಡಿದರು. ಎಲ್ಲೆಡೆ 'ಕೆಂಟ್ಸ್' ನೆಟ್ಟರು. ಕೆಲಕಾಲದಲ್ಲಿ ತುಕ್ಕಿನ ಹೊಸ ಬಗೆಯೊಂದು ಅದನ್ನೂ ಹಿಡಿಯಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನೆಯ ಕೇಂದ್ರ ಪ್ರಾರಂಭವಾಯಿತು. ಅಲ್ಲಿಯವರು ಕೆಂಟ್ಸನ್ನೇ ಒಂದು ಕಡೆಯಿಂದ ತೆಗೆದುಕೊಂಡು ಬೆರೆಸಿ ಸಿದ್ಧಪಡಿಸಿದ ಎಸ್.795 ತಳಿ 1940ರ ದಶಕದಲ್ಲಿ ಬೆಳೆಗಾರರ ಕೈಗೆ ಬಂದಿತು. ಅದಾದ ನಲವತ್ತು ವರ್ಷಗಳ ಮೇಲೆ, 1980ರ ದಶಕದಲ್ಲಿ, 'ಕಾವೇರಿ' ಬಂದಿತು: ಗಿಡ್ಡ ಗಿಡ, ಒತ್ತಾಗಿ ನೆಡಬಹುದು, ಬೇಗ ಫಲ, ತುಕ್ಕಿನ ಭಯವಿಲ್ಲ. ಹಳೆಯದನ್ನು ಕಿತ್ತು ಇದನ್ನು ನೆಟ್ಟವರುಂಟು. ವರ್ಷಗಳು ಕಳೆದಂತೆ ಕಾವೇರಿಗೂ ತುಕ್ಕು ತಗುಲಿತು. ಎಸ್.795 ಮಾತ್ರ, ಅಷ್ಟಿಷ್ಟು ತುಕ್ಕು ಹಿಡಿಸಿಕೊಳ್ಳುತ್ತಲೇ, ಇಂದಿಗೂ ನಮ್ಮ ಅರೇಬಿಕ ತೋಟಗಳಲ್ಲಿ ವ್ಯಾಪಕವಾಗಿ ನಿಂತಿದೆ.

ತೋಟ ಮಾಡುವವನು ಇಲ್ಲಿ ಎರಡು ಲೆಕ್ಕ ಹಾಕುತ್ತಾನೆ. ನೆಟ್ಟ ಗಿಡ ಮೊದಲ ಫಲ ಕೊಡಲು ಮೂರು ನಾಲ್ಕು ವರ್ಷ ಬೇಕು. ಆದ್ದರಿಂದ ಕಾದ ಒಂದೊಂದು ವರ್ಷವೂ ಕಳೆದ ಬೆಳೆಯೇ. ಇನ್ನೊಂದು, ಪಕ್ಕದ ತೋಟದಲ್ಲಿ ನಾಲ್ಕು ಮಳೆಗಾಲ ಕಂಡ ಗಿಡ ಹೇಳುವ ಮಾತನ್ನು ಯಾವ ಪ್ರಕಟಣೆಯೂ ಹೇಳಲಾರದು. ಪ್ರೊಸೆಸರಿನ ಚರಿತ್ರೆಯನ್ನು ಇದೇ ಕಣ್ಣಿನಿಂದ ನೋಡಬೇಕೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಬಾರದೆ ಹೋದ ಎರಡು ಪ್ರೊಸೆಸರುಗಳ ಕಥೆ ಕೇಳಿ. ತಮಾಷೆಯೆಂದರೆ ಎರಡರ ಹೆಸರೂ ನಮಗೆ ಪರಿಚಿತವೇ.

2000ದ ನವೆಂಬರಿನಲ್ಲಿ ಬಂದ ಪೆಂಟಿಯಂ 4 ಗಡಿಯಾರದ ಓಟವನ್ನೇ ನಂಬಿ ಕಟ್ಟಿದ ಯಂತ್ರ. 1.5 ಗಿಗಾಹರ್ಟ್ಸ್‌ನಿಂದ ಹೊರಟು, ಇದೇ ವಂಶ ಮುಂದೆ 10 ಗಿಗಾಹರ್ಟ್ಸ್ ಮುಟ್ಟಬಹುದೆಂಬ ಮಾತು ಇಂಟೆಲ್ಲಿನವರ ಬಾಯಿಂದಲೇ ಬಂದಿತ್ತು. ಅದರ ಒಂದು ಪೀಳಿಗೆಗೆ ಇಟ್ಟ ಗುಪ್ತನಾಮ 'ತೇಜಸ್'. ಪತ್ರಿಕೆಗಳಲ್ಲಿ ಅದರ ವೇಗದ ಬಗ್ಗೆ ಊಹೆಯೋ ಊಹೆ. ಈಗ ಕೊಳ್ಳಬೇಡಿ, ತೇಜಸ್ ಬರಲಿ ಎಂದವರಿಗೆ ಲೆಕ್ಕವಿಲ್ಲ. 2004ರ ಫೆಬ್ರವರಿಯಲ್ಲಿ ಅದಕ್ಕೂ ಹಿಂದಿನ ಪೀಳಿಗೆ ಹೊರಬಂದಾಗಲೇ ಅಪಶಕುನ ಕಾಣಿಸಿತು: ಚೂರು ಚಿಕ್ಕದಾಗಿತ್ತು, ಶಾಖ ಮಾತ್ರ ನೂರು ವಾಟ್ ದಾಟಿತ್ತು. ನೂರು ವಾಟಿನ ಬಲ್ಬನ್ನು ಬರಿಗೈಯಲ್ಲಿ ಮುಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಲ್ಲಿಯ ಶಾಖ ಹುಟ್ಟುವುದು ಅಂಚೆಚೀಟಿಯಷ್ಟು ಜಾಗದಲ್ಲಿ. 2004ರ ಮೇ ತಿಂಗಳಲ್ಲಿ ಇಂಟೆಲ್ ತೇಜಸ್ಸನ್ನು ಕೈಬಿಟ್ಟಿತು. ಅದೇ ಅಕ್ಟೋಬರಿನಲ್ಲಿ 4 ಗಿಗಾಹರ್ಟ್ಸ್‌ನ ಪೆಂಟಿಯಂ 4ನ್ನೂ ಕೈಬಿಟ್ಟು, ಸಂಸ್ಥೆಯ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಒಂದು ಸಭೆಯ ವೇದಿಕೆಯ ಮೇಲೆ ವಿನೋದಕ್ಕೆ ಮಂಡಿಯೂರಿ ಕ್ಷಮೆ ಕೇಳಿದರು. ವಿನೋದವೇನೋ ಸರಿ, ಕಾದು ಕುಳಿತವರಿಗೆ ಅದರಿಂದ ಯಂತ್ರ ಸಿಕ್ಕಲಿಲ್ಲ.

ಎರಡನೆಯದು ಬೆಂಗಳೂರಿನ ಕಥೆ. ಅಲ್ಲಿಯ ಇಂಟೆಲ್ ಕೇಂದ್ರದ ಎಂಜಿನಿಯರುಗಳು ದೊಡ್ಡ ಗಣಕಗಳಿಗಾಗಿ ರೂಪಿಸುತ್ತಿದ್ದ ಪ್ರೊಸೆಸರಿಗೆ ನಗರದ ಬಡಾವಣೆಯ ಹೆಸರನ್ನೇ ಇಟ್ಟು 'ವೈಟ್‌ಫೀಲ್ಡ್' ಎಂದಿದ್ದರು. 2005ರ ಅಕ್ಟೋಬರಿನಲ್ಲಿ ಅದೂ ರದ್ದಾಯಿತು. ಆದರೆ ಮೂರು ವರ್ಷ ಕಳೆಯುವಷ್ಟರಲ್ಲಿ, 2008ರ ಸೆಪ್ಟೆಂಬರಿನಲ್ಲಿ, ಅದೇ ಬೆಂಗಳೂರಿನಲ್ಲಿ ರೂಪುಗೊಂಡ ಆರು ತಿರುಳಿನ ಪ್ರೊಸೆಸರು, 'ಡನ್ನಿಂಗ್‌ಟನ್' ಎಂಬ ಗುಪ್ತನಾಮದ್ದು, 190 ಕೋಟಿ ಟ್ರಾನ್ಸಿಸ್ಟರುಗಳೊಡನೆ ಹೊರಬಂದಿತು. ಜೇಬಿನ ರೇಡಿಯೋದ ನಾಲ್ಕೆಲ್ಲಿ, ಈ 190 ಕೋಟಿಯೆಲ್ಲಿ! ಕನ್ನಡ ನಾಡಿನ ಹೆಸರು ಹೊತ್ತದ್ದು ಹುಟ್ಟಲಿಲ್ಲ. ಕನ್ನಡ ನಾಡಿನಲ್ಲಿ ಹುಟ್ಟಿದ್ದಕ್ಕೆ ಹೊರಗಿನ ಹೆಸರು. ಇರಲಿ.

ಕಾದು ಗೆದ್ದವರ ಉದಾಹರಣೆಯನ್ನೂ ಹೇಳದಿದ್ದರೆ ನ್ಯಾಯವಲ್ಲ. 2006ರ ಜುಲೈನಲ್ಲಿ ಬಂದ ಕೋರ್ 2 ಡ್ಯುಯೊ ಪ್ರೊಸೆಸರಿನ ಗಡಿಯಾರ ಪೆಂಟಿಯಂ 4ಕ್ಕಿಂತ ನಿಧಾನ, ಕೆಲಸ ಮಾತ್ರ ಬಹಳ ಜೋರು, ಶಾಖವೂ ಕಡಮೆ. ಅದರ ಮೂಲ ಎಲ್ಲಿಯದೆಂದರೆ, ಇಸ್ರೇಲಿನ ಹೈಫಾದಲ್ಲಿ ಮಡಿಲ ಗಣಕಗಳಿಗೆಂದು, ಬ್ಯಾಟರಿ ಉಳಿಸುವ ಒಂದೇ ಉದ್ದೇಶದಿಂದ ಮಾಡಿದ ಪ್ರೊಸೆಸರು. ಎಲ್ಲರೂ ತೇಜಸ್ಸಿನ ಕಡೆ ಕಣ್ಣು ನೆಟ್ಟಿದ್ದಾಗ ಭವಿಷ್ಯ ಪಕ್ಕದ ಓಣಿಯಿಂದ ಬಂದಿತು. 2017ರ ಎ.ಎಂ.ಡಿ. ರೈಜೆನ್ ಕೂಡ ಕಾದವರ ಕೈಹಿಡಿದ ಇನ್ನೊಂದು ಪ್ರೊಸೆಸರು. ಎರಡು ಸಲವೂ ಗೆದ್ದವರು ಹೆಸರು ಕೇಳಿ ವರ್ಷಗಟ್ಟಲೆ ಕಾದವರಲ್ಲ. ಯಂತ್ರ ಬೇರೆಯವರ ಕೈಯಲ್ಲಿ ಓಡಿದ್ದನ್ನು ಕಂಡು ಕೊಂಡವರು.

ಇಷ್ಟು ಹೊತ್ತು ವೇಗದ ಮಾತಾಯಿತು. ಕನ್ನಡ ಬರೆಯುವ ಮನೆಗೆ ವೇಗಕ್ಕಿಂತ ದೊಡ್ಡದೊಂದು ವಿಷಯವಿತ್ತು, ಅದು ಅಕ್ಷರ. 1990ರ ದಶಕದಲ್ಲಿ ಗಣಕದಲ್ಲಿ ಕನ್ನಡವನ್ನು ಬರೆಯಲಾಗುತ್ತಿರಲಿಲ್ಲವೆಂದಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಜೋಡಣೆ ಇತ್ತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದಿತು. ಆದರೆ ಆಗಿನ ಉಪಾಯವೆಂದರೆ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುವುದು. ಗಣಕದ ಮಟ್ಟಿಗೆ ಅದು ಇಂಗ್ಲಿಷೇ. ಕಣ್ಣಿಗೆ ಮಾತ್ರ ಕನ್ನಡ. ಮೂಡಿಗೆರೆಯಲ್ಲಿ ಬರೆದ ಪತ್ರವನ್ನು ಕಳಸದಲ್ಲಿ ಬೇರೆ ಅಕ್ಷರಗುಚ್ಛವಿರುವ ಗಣಕದಲ್ಲಿ ತೆರೆದರೆ ಕಾಗುಣಿತದ ಬದಲು ಇಂಗ್ಲಿಷ್ ಚಿಹ್ನೆಗಳ ಕಸದ ರಾಶಿ. ಹೊಸ ಯಂತ್ರ ಕೊಂಡು ಹಳೆಯ ಅಕ್ಷರಗುಚ್ಛವನ್ನು ಹಾಕಿಸಲು ಮರೆತವರ ಪಾಡೂ ಇದೇ.

ಜಗತ್ತಿನ ಎಲ್ಲ ಲಿಪಿಗಳಿಗೂ ಅವುಗಳದೇ ಸಂಖ್ಯೆ ಕೊಡುವ ಯೂನಿಕೋಡ್ ಏರ್ಪಾಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಳ ಸಿಕ್ಕಿತ್ತು. ಸ್ಥಳ ಸಿಕ್ಕಿದರೆ ಸಾಲದು. ಒತ್ತಕ್ಷರ, ಅರ್ಕಾವತ್ತು, ದೀರ್ಘಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವ ಜಾಣತನ ಯಂತ್ರದೊಳಗೇ ಇರಬೇಕು. ಮನೆಮನೆಯ ಗಣಕದಲ್ಲಿ ಅದು ಬಂದದ್ದು 2001ರ ಅಕ್ಟೋಬರಿನ ವಿಂಡೋಸ್ ಎಕ್ಸ್.ಪಿ.ಯಲ್ಲಿ. ಅದರ ಜೊತೆಗೆ ಬಂದ ಕನ್ನಡ ಅಕ್ಷರಗುಚ್ಛದ ಹೆಸರು 'ತುಂಗಾ'. ಕಳಸದ ಆಚೆ, ಕುದುರೆಮುಖದ ಸಾಲಿನ ಗಂಗಾಮೂಲದಲ್ಲಿ ಭದ್ರೆ, ನೇತ್ರಾವತಿಯರೊಡನೆ ಹುಟ್ಟುವ ನಮ್ಮ ತುಂಗೆಯ ಹೆಸರು ಹೀಗೆ ಲೋಕದ ಗಣಕಗಳನ್ನೆಲ್ಲ ಹೊಕ್ಕಿತು. ಕನ್ನಡವನ್ನು ಎಬ್ಬಿಸಲು ಸಿ.ಡಿ.ಯನ್ನು ಹಾಕಿ ಒಂದು ಗುರುತು ಒತ್ತಬೇಕಾಗಿತ್ತು, ಅದು ಹಲವರಿಗೆ ತಿಳಿಯಲೇ ಇಲ್ಲ, ಅದು ಬೇರೆ ಮಾತು.

ಈಗ ಲೆಕ್ಕ ನೋಡಿ. ಎಕ್ಸ್.ಪಿ. ಓಡಲು ಬೇಕೆಂದು ಹೇಳಿದ್ದು ಕನಿಷ್ಠ 233 ಮೆಗಾಹರ್ಟ್ಸ್‌ನ ಪ್ರೊಸೆಸರು, 64 ಮೆಗಾಬೈಟ್ ಮೆಮೊರಿ. ಮೆಮೊರಿ ಅದರ ಎರಡರಷ್ಟಿದ್ದರೆ ಸಮಾಧಾನ. 1998-99ರಲ್ಲಿ 300 ಮೆಗಾಹರ್ಟ್ಸ್‌ನ ಸಾಧಾರಣ ಯಂತ್ರ ಕೊಂಡವನು ಸ್ವಲ್ಪ ಮೆಮೊರಿ ಹಾಕಿಸಿ ಕನ್ನಡದ ಈ ಹೊಸ ಕಾಲಕ್ಕೆ ಕಾಲಿಡಬಹುದಾಗಿತ್ತು. 486ನ್ನೇ ಇಟ್ಟುಕೊಂಡವನಿಗೆ ಅದು ಸಾಧ್ಯವಿರಲಿಲ್ಲ, ಅವನು ಬದಲಿಸಲೇಬೇಕಿತ್ತು. ಇನ್ನು 10 ಗಿಗಾಹರ್ಟ್ಸ್ ಬರಲೆಂದು ಕಾದವನು ಇಂದಿಗೂ ಕಾಯಬೇಕು. ಮೇಜಿನ ಗಣಕದ ಪ್ರೊಸೆಸರು 6 ಗಿಗಾಹರ್ಟ್ಸ್ ಮುಟ್ಟಿದ್ದೇ 2023ರಲ್ಲಿ. ಅಲ್ಲಿಯೂ ಪೆಂಟಿಯಂ ಕಥೆಯೇ ಮರುಕಳಿಸಿತು: ಆ ಪೀಳಿಗೆಯ ಕೆಲವು ಪ್ರೊಸೆಸರುಗಳು ಓಡುತ್ತ ಓಡುತ್ತ ತಡವರಿಸತೊಡಗಿ, 2024ರ ಆಗಸ್ಟಿನಲ್ಲಿ ಇಂಟೆಲ್ ಅವುಗಳ ಖಾತರಿಯನ್ನು ಎರಡು ವರ್ಷ ಮುಂದಕ್ಕೆ ಹಾಕಬೇಕಾಯಿತು.

ಅಕ್ಷರದ ಈ ಪ್ರಶ್ನೆಯನ್ನು ಕಾಫಿಸೀಮೆಯಲ್ಲಿ ಕುಳಿತು ಗಟ್ಟಿಯಾಗಿ ಎತ್ತಿದವರು ಮೂಡಿಗೆರೆಯ 'ನಿರುತ್ತರ'ದ ಕೆ. ಪಿ. ಪೂರ್ಣಚಂದ್ರ ತೇಜಸ್ವಿ. ತೋಟ, ಮೀನು, ಹಕ್ಕಿ, ಕ್ಯಾಮರಾ, ಕಥೆ ಇವುಗಳ ನಡುವೆ ಅವರಿಗೆ ಗಣಕವೂ ಒಂದು ಕೈಕೆಲಸವಾಯಿತು. ಕನ್ನಡದ ತಂತ್ರಾಂಶ ಸರಿಯಾಗದಿದ್ದರೆ ಕನ್ನಡ ಹಿಂದೆ ಬೀಳುತ್ತದೆಂದು ಅವರು ಬಹಿರಂಗವಾಗಿ ವಾದಿಸಿದರು; ಹಂಪಿಯ ಕನ್ನಡ ವಿಶ್ವವಿದ್ಯಾಲಯದ 'ಕುವೆಂಪು ಕನ್ನಡ ತಂತ್ರಾಂಶ'ದ ಹಿಂದೆ ಅವರ ಒತ್ತಾಸೆಯಿತ್ತು. 2007ರ ಏಪ್ರಿಲ್ 5ರಂದು ಅವರು ತೀರಿಕೊಂಡಾಗ ಯೂನಿಕೋಡ್ ಕನ್ನಡ ಇನ್ನೂ ಅರ್ಧದಾರಿಯಲ್ಲಿತ್ತು. ಯಾವ ಪ್ರೊಸೆಸರು ಬರುತ್ತದೆಂದು ಲೋಕವೆಲ್ಲ ಮಾತಾಡುತ್ತಿದ್ದಾಗ, ಬಂದ ಪ್ರೊಸೆಸರಿನಲ್ಲಿ ನಮ್ಮ ನುಡಿ ಇರುತ್ತದೆಯೇ ಎಂದು ಕೇಳುವವರೂ ಬೇಕಾಗಿದ್ದರು.

ಇನ್ನು ಈಗಿನ ಪಾಡು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಮಾಮೂಲು ರಕ್ಷಣೆ ಮುಗಿಯಿತು. ನೋಂದಾಯಿಸಿಕೊಂಡ ಮನೆಗಳಿಗೆ 2026ರ ಅಕ್ಟೋಬರಿನವರೆಗೆ ಒಂದು ವರ್ಷದ ಕಾಲಾವಕಾಶ ಕೊಟ್ಟರು. ವಿಂಡೋಸ್ 11 ಬೇಕಾದರೆ ಇಂಟೆಲ್ಲಿನ ಎಂಟನೆಯ ಪೀಳಿಗೆ, ಎಂದರೆ ಸುಮಾರು 2017-18ರದು, ಅಥವಾ ಅದರ ಈಚಿನ ಪ್ರೊಸೆಸರಿರಬೇಕೆಂದು ನಿಯಮ. 2016ರಲ್ಲಿ ಕೊಂಡು ಇನ್ನೂ ಗಟ್ಟಿಮುಟ್ಟಾಗಿ ಓಡುತ್ತಿರುವ ಯಂತ್ರಗಳು ಹೀಗೆ ಒಂದೇ ಗೆರೆಯಿಂದ ಮುದಿಯಾದವು. ಈ ಗೆರೆ ಎಳೆದದ್ದು ನನಗೇನೂ ಮೆಚ್ಚಿಗೆಯಾಗಿಲ್ಲ; ತೋಟದ ಲೆಕ್ಕ, ಮಳೆಯ ಅಳತೆ, ಮಕ್ಕಳ ಪಾಠ ಇಷ್ಟಕ್ಕೆ ಆ ಯಂತ್ರ ಧಾರಾಳವಾಗಿ ಸಾಕು. ಒಂದು ವೇಳೆ ಅದರಲ್ಲಿ ಸುತ್ತುವ ತಟ್ಟೆಯ ಹಾರ್ಡ್ ಡಿಸ್ಕ್ ಇದ್ದರೆ ಅದನ್ನು ತೆಗೆಸಿ ಎಸ್.ಎಸ್.ಡಿ. ಹಾಕಿಸಿ, ಲಿನಕ್ಸ್ ಹಾಕಿಕೊಂಡರೆ ಇನ್ನೂ ಕೆಲವು ಮಳೆಗಾಲ ಕಳೆಯಬಹುದು. ಎಷ್ಟೋ ಸಲ ನಾವು ಪ್ರೊಸೆಸರನ್ನು ಬೈಯುತ್ತೇವೆ, ತಪ್ಪು ತಟ್ಟೆಯದಾಗಿರುತ್ತದೆ.

ಹೊಸದನ್ನೇ ಕೊಳ್ಳುವವರು ಪ್ರೊಸೆಸರಿನ ಹೆಸರಿಗಿಂತ ಅದು ಕೂರುವ ಮದರ್‌ಬೋರ್ಡನ್ನು ಹೆಚ್ಚಾಗಿ ವಿಚಾರಿಸಲಿ. ಹಳೆಯ ಬುಡಕ್ಕೆ ಹೊಸ ಕುಡಿ ಕಸಿಮಾಡುವಂತೆ, ಅದೇ ಬೋರ್ಡಿಗೆ ಮುಂದೆ ಹೊಸ ಪ್ರೊಸೆಸರು ಕೂರುವುದಾದರೆ ಅರ್ಧ ಖರ್ಚಿನಲ್ಲಿ ಕೆಲಸವಾಗುತ್ತದೆ. ಎ.ಎಂ.ಡಿ.ಯ ಎ.ಎಂ.4 ಕೂಡುಪಟ್ಟಿಯ ಬೋರ್ಡುಗಳನ್ನು 2017ರಲ್ಲಿ ಕೊಂಡವರು 2022ರಲ್ಲಿ ಬಂದ ಪ್ರೊಸೆಸರನ್ನೂ ಅದರಲ್ಲೇ ಕೂರಿಸಿದರು. ಇಂಟೆಲ್ ಅಷ್ಟರಲ್ಲಿ 2020, 2021, ಮತ್ತೆ 2024 ಎಂದು ಬುಡವನ್ನೇ ಬದಲಿಸುತ್ತ ಹೋಯಿತು. 2026ರ ಕೊನೆಗೆ 'ನೋವಾ ಲೇಕ್' ಬರುತ್ತದೆಂದು ಇಂಟೆಲ್ 2025ರಲ್ಲಿ ಹೇಳಿತ್ತು, ಎ.ಎಂ.ಡಿ. ತನ್ನ 'ಝೆನ್ 6'ರ ಮಾತಾಡಿತ್ತು. ಈ ಹೆಸರುಗಳನ್ನು ಕೇಳಿ ಕಾಯುವವರಿಗೆ 2025ರ ಕೊನೆಯ ತಿಂಗಳುಗಳು ಒಂದು ಹೊಸ ಪಾಠ ಕಲಿಸಿದವು. ಕೃತಕ ಬುದ್ಧಿಯ ದೊಡ್ಡ ದೊಡ್ಡ ಗಣಕಶಾಲೆಗಳು ಮೆಮೊರಿಯನ್ನೆಲ್ಲ ಸೆಳೆದುಕೊಂಡು ಅದರ ಬೆಲೆ ಏರಿಬಿಟ್ಟಿತು. ಕಾದರೆ ಅಗ್ಗವಾಗುತ್ತದೆ ಎಂಬ ಮೂರ್ ಕಾಲದ ನಂಬಿಕೆ ಮೆಮೊರಿಯ ಮಟ್ಟಿಗೆ ತಲೆಕೆಳಗಾಯಿತು. ಕಾಫಿಯ ಧಾರಣೆ ದಾಖಲೆ ಮುಟ್ಟಿದ ಆ ವರ್ಷವೇ ಹೀಗಾದದ್ದು ನಮ್ಮ ಸೀಮೆಯವರ ಅದೃಷ್ಟವೋ ದುರದೃಷ್ಟವೋ!

ಮಲೆನಾಡಿನ ಮನೆಗೆ ಇನ್ನೊಂದು ಖರ್ಚು ತಪ್ಪಿದ್ದಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎರಡು ಸಾವಿರ ಉಳಿಸಿ ಪ್ರೊಸೆಸರನ್ನು ಒಂದು ಮೆಟ್ಟಿಲು ಮೇಲಿನದು ತರುವುದಕ್ಕಿಂತ ಆ ಹಣವನ್ನು ಒಳ್ಳೆಯ ಯು.ಪಿ.ಎಸ್.ಗೂ ಸರಿಯಾದ ಅರ್ಥಿಂಗಿಗೂ ಹಾಕುವುದು ಲೇಸು. ಏಪ್ರಿಲ್-ಮೇ ತಿಂಗಳ ಗುಡುಗಿನ ಮಳೆಗೆ ಯಾವ ಪೀಳಿಗೆಯ ಪ್ರೊಸೆಸರಾದರೇನು? ಆಷಾಢದ ತೇವಕ್ಕೆ ಬೂಷ್ಟು ಹಿಡಿಯದ ಹಾಗೆ ಯಂತ್ರವನ್ನು ದಿನಕ್ಕೊಂದು ಹೊತ್ತಾದರೂ ಓಡಿಸುವ ಅಭ್ಯಾಸವೂ ಒಳ್ಳೆಯದೇ.

ಹಳೆಯದನ್ನು ಗುಜರಿಗೆ ಹಾಕುವ ಮೊದಲು ಮಾತ್ರ ಒಂದು ಕೆಲಸವಿದೆ. ಅದರಲ್ಲಿ ಹಳೆಯ ನುಡಿಯಲ್ಲೋ ಬರಹದಲ್ಲೋ ಇಪ್ಪತ್ತು ವರ್ಷದ ಹಿಂದೆ ಬರೆದಿಟ್ಟದ್ದೇನಿದೆ ನೋಡಿ: ತಂದೆಯವರು ಬರೆಸಿದ ಮನೆತನದ ವಿವರ, ಊರಿನ ಶಾಲೆಯ ಲೆಕ್ಕ, ಭಜನೆಯ ಪುಸ್ತಕ, ತೋಟದ ಮಳೆಯ ಪಟ್ಟಿ. ಅವು ಹೊಸ ಯಂತ್ರದಲ್ಲಿ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತವೆ. ಅವು ಏನೆಂದು ತಿಳಿಯದೆ ಮಕ್ಕಳು ಅಳಿಸಿಬಿಡುತ್ತಾರೆ. ನುಡಿ, ಬರಹಗಳ ಈಚಿನ ಆವೃತ್ತಿಗಳಲ್ಲಿ ಹಳೆಯ ಬರೆಹವನ್ನು ಯೂನಿಕೋಡಿಗೆ ಪರಿವರ್ತಿಸುವ ಸೌಲಭ್ಯವಿದೆ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಮೂಲದ ಜೊತೆ ಹೋಲಿಸಿ ಒಮ್ಮೆ ಓದಬೇಕು. ಅದಕ್ಕೆ ಹಳೆಯ ಪರದೆ ಪಕ್ಕದಲ್ಲೇ ಇರಬೇಕು. ಆದ್ದರಿಂದ ಈ ಕೆಲಸವನ್ನು ಹಳೆಯ ಯಂತ್ರ ಇನ್ನೂ ಹೊತ್ತಿಕೊಳ್ಳುತ್ತಿರುವಾಗಲೇ, ಮುಂಗಾರು ಹಿಡಿದು ಕರೆಂಟು ಕೈಕೊಡುವ ಮೊದಲೇ ಮಾಡಿಟ್ಟುಕೊಳ್ಳಿ.